ಎದುರುಮನೆಯವರು ಬರೆದದ್ದು

ನಮ್ಮೂರಿನಲ್ಲಿ ತನ್ನ ಬಗ್ಗೆ ತಾನೇ ಒಳ್ಳೆಯ ಮಾತು ಬರೆದುಕೊಂಡರೆ ಅಕ್ಷರ ನಿಲ್ಲುವುದಿಲ್ಲ. ಬರೆದ ಅರೆಗಳಿಗೆಯಲ್ಲೇ ಒಂದೊಂದಾಗಿ ಜಾರಿ ಹಾಳೆಯ ಬುಡಕ್ಕೆ ಬಂದು, ಅಕ್ಕಿ ಆರಿಸಿದ ಮೇಲೆ ಉಳಿದ ಕಲ್ಲಿನ ಹಾಗೆ ಗುಡ್ಡೆಯಾಗಿ ಕೂಡುತ್ತವೆ. ನಮ್ಮಜ್ಜಿಯ ಕಾಲದಲ್ಲಿ ಅವನ್ನು ಮೊರದಲ್ಲಿ ಹಿಡಿದು ತಿಪ್ಪೆಗೆ ಚೆಲ್ಲುತ್ತಿದ್ದರಂತೆ. ಈಗ ಮೊಬೈಲಿನ ಪರದೆಯ ತಳದಲ್ಲಿ ಸೇರುತ್ತವೆ, ಬೆರಳಿನಿಂದ ಆಚೆ ತಳ್ಳಿದರಾಯಿತು. ತಪ್ಪು ಒಪ್ಪಿಕೊಂಡು ಬರೆದರೆ ಮಾತ್ರ ಒಂದು ಕೊಂಬೂ ಅಲುಗುವುದಿಲ್ಲ. ಈ ಕಥೆ ಇಷ್ಟು ಗಟ್ಟಿಯಾಗಿ ನಿಂತಿರುವುದು ಯಾಕೆಂದು ನೀವೇ ಊಹಿಸಿಕೊಳ್ಳಿ.

ಬಾಯಲ್ಲಿ ಎಷ್ಟು ಬೇಕಾದರೂ ಕೊಚ್ಚಿಕೊಳ್ಳಬಹುದು, ಆ ವಿಷಯದಲ್ಲಿ ನಮ್ಮೂರು ಎಲ್ಲ ಊರಿನ ಹಾಗೇ. ಬರಹಕ್ಕೆ ಮಾತ್ರ ಎದುರುಮನೆ ಬೇಕು. ಮದುವೆಯ ಜಾತಕದ ಜೊತೆ ಕಳಿಸುವ ಪರಿಚಯ, ಕೆಲಸದ ಅರ್ಜಿ, ಅಂಗಡಿಯ ಬೋರ್ಡು, ಎಲ್ಲವನ್ನೂ ಎದುರುಮನೆಯವರೇ ಬರೆಯಬೇಕು. ಹಾಗಾಗಿ ನಮ್ಮಲ್ಲಿ ಎದುರುಮನೆಯವರ ಹತ್ತಿರ ಯಾರೂ ಎದುರು ಮಾತಾಡುವುದಿಲ್ಲ. ಒಮ್ಮೆ ಕಸದ ವಿಷಯಕ್ಕೆ ಜಗಳ ಮಾಡಿಕೊಂಡ ಹಲ್ಲಿನ ಡಾಕ್ಟರ ಬೋರ್ಡಿನ ಮೇಲೆ ‘ಹಲ್ಲು ಕೀಳುತ್ತಾರೆ, ಕಿತ್ತದ್ದು ಸಾಮಾನ್ಯವಾಗಿ ಸರಿಯಾದದ್ದೇ ಆಗಿರುತ್ತದೆ’ ಎಂಬ ಸಾಲು ಇಂದಿಗೂ ಇದೆ. ಕೆರೆಗೆ ಮುಖ ಮಾಡಿದ ಒಂದೇ ಸಾಲಿನ ಮನೆಗಳಿಗೆ ಬಾಡಿಗೆದಾರರು ಸಿಗುವುದಿಲ್ಲ. ಕೆರೆಗೆ ತೆರೆ ಬರುತ್ತದೆ, ಬರಹ ಬರುವುದಿಲ್ಲ. ಇದೆಲ್ಲಕ್ಕಿಂತ ಮುಖ್ಯವಾದದ್ದು ಒಂದು ಮರ್ಯಾದೆ: ಎದುರುಮನೆಯವರು ನಿಮ್ಮ ಬಗ್ಗೆ ಬರೆದದ್ದನ್ನು ನೀವು ಓದಬಾರದು. ಓದುವುದು ಕಿಟಕಿಯಲ್ಲಿ ಇಣುಕಿದ ಹಾಗೆ. ಅಕ್ಷರ ಬಲ್ಲವರೂ ತಮ್ಮ ಅಂಗಡಿಯ ಬೋರ್ಡಿನ ಕೆಳಗೆ ತಲೆ ತಗ್ಗಿಸಿಯೇ ಒಳಗೆ ಹೋಗುತ್ತಾರೆ.

ನಾನು ಚೂಡಾಮಣಿ, ಬೀದಿಯ ಬಾಯಲ್ಲಿ ಚೂಡಿ. ಭಾಷಾಶಾಸ್ತ್ರದಲ್ಲಿ ಎಂ.ಎ., ಎರಡನೇ ದರ್ಜೆ. ‘ಎರಡನೇ’ ಇರುವುದರಿಂದ ಸಾಲು ನಿಂತಿದೆ. ಇನ್ನೊಬ್ಬರ ದನಿ ತೆಗೆಯುವುದು ನನ್ನ ಚಟ. ಅದರಲ್ಲಿ ನಾನು ಎಂಥವಳೆಂದು ಬರೆಯಹೋದರೆ ಪುಟ ಖಾಲಿಯಾಗುತ್ತದೆ, ಹಾಗಾಗಿ ನನ್ನ ಮೇಲೆ ಬಂದ ದೂರುಗಳನ್ನು ಹೇಳುತ್ತೇನೆ. ಕಾಲೇಜಿನ ಮೈಕಿನಲ್ಲಿ ಪ್ರಿನ್ಸಿಪಾಲರ ದನಿಯಲ್ಲಿ ರಜೆ ಘೋಷಿಸಿದಾಗ ಸ್ವತಃ ಪ್ರಿನ್ಸಿಪಾಲರೇ ಚೀಲ ಎತ್ತಿಕೊಂಡು ಹೊರಟುಬಿಟ್ಟಿದ್ದರು. ಸಿಲಿಂಡರಿನವನ ದನಿಯಲ್ಲಿ ಒಂದು ಕೂಗು ಹಾಕಿ ಇಡೀ ಬೀದಿಯ ಖಾಲಿ ಸಿಲಿಂಡರುಗಳನ್ನು ಹೊರಗೆ ಉರುಳಿಸಿದ್ದೆ. ಈ ಚಟದಿಂದಲೇ ನನಗೆ ಆಗೀಗ ಜಾಹೀರಾತುಗಳಿಗೆ ದನಿ ಕೊಡುವ ಕೆಲಸ ಸಿಗುತ್ತದೆ.

ನನ್ನ ಎದುರುಮನೆ ಮೌನೇಶಾಚಾರಿಗಳದು. ಅರವತ್ಮೂರು ವರ್ಷ, ಹೆಸರಿಗೆ ತಕ್ಕ ಮನುಷ್ಯ. ‘ಆಚಾರಿ’ ಕುಲದಿಂದ ಬಂದದ್ದು, ‘ಮೌನ’ ಕಾಳಮ್ಮನವರನ್ನು ಮದುವೆಯಾದ ಮೇಲೆ ಬಂದದ್ದು ಎಂಬ ಜೋಕನ್ನು ಬೀದಿಯಲ್ಲಿ ಹಬ್ಬಿಸಿದವಳು ನಾನೇ. ಅದಕ್ಕೆ ಎಲ್ಲರಿಗಿಂತ ಜೋರಾಗಿ ನಕ್ಕವರು ಕಾಳಮ್ಮ. ಆಚಾರಿಗಳು ಹೊಸದಾಗಿ ಏನನ್ನೂ ಮಾಡುವವರಲ್ಲ. ಅಲ್ಲಾಡುವುದನ್ನು ನಿಲ್ಲಿಸುವವರು. ಅಲ್ಲಾಡುವ ಮೇಜಿನ ಮೇಲೆ ಹಿತ್ತಾಳೆ ಲೋಟದ ತುಂಬ ನೀರಿಟ್ಟು, ಮುಖವನ್ನು ಅದರ ಮಟ್ಟಕ್ಕೆ ತಂದು, ನೀರು ಯಾವ ಕಡೆ ನಡುಗುತ್ತದೆಂದು ಉಸಿರು ಬಿಗಿಹಿಡಿದು ನೋಡುತ್ತಾರೆ. ಆಮೇಲೆ ಎಲ್ಲೋ ಒಂದು ಕಡೆ ಎರಡು ಸಲ ಉಜ್ಜುತ್ತಾರೆ, ಇಲ್ಲವೇ ಉಗುರಿನಷ್ಟು ಹಲಸಿನ ಚಕ್ಕೆ ಸೇರಿಸುತ್ತಾರೆ. ಅಷ್ಟೇ. ಕಾಲೆಳೆಯುವವರು ನಮ್ಮೂರಲ್ಲಿ ಮನೆಗೊಬ್ಬರಿದ್ದಾರೆ, ನನ್ನನ್ನೂ ಸೇರಿಸಿ. ಕಾಲು ನೆಟ್ಟಗೆ ಮಾಡುವವರು ಅವರೊಬ್ಬರೇ.

ಪ್ಲಾಸ್ಟಿಕ್ ಕುರ್ಚಿಗಳು ಬಂದವು. ಅವು ಅಲ್ಲಾಡುವುದಿಲ್ಲ, ನೇರವಾಗಿ ಮುರಿಯುತ್ತವೆ. ಆಚಾರಿಗಳನ್ನು ಕರೆಯುವವರು ಕಡಿಮೆಯಾಗಿ, ಆಮೇಲೆ ಇಲ್ಲವೇ ಇಲ್ಲವೆಂದಾಗಿ, ಅವರು ಅಂಗಡಿಯ ಬಾಗಿಲು ಹಾಕಿದರು. ಅಷ್ಟರಲ್ಲಿ ಊರಿಗೆ ‘ಕೆಲಸಕ್ಕೊಬ್ಬರು’ ಎಂಬ ಆ್ಯಪು ಬಂತು. ಅದರಲ್ಲಿ ಹೆಸರು, ಕಸುಬು, ಪರಿಚಯ ಹಾಕಿದರೆ ಹೊರ ಊರಿನವರು ಹುಡುಕಿಕೊಂಡು ಕರೆಯುತ್ತಾರೆ. ಪದ್ಧತಿಯಂತೆ ಆಚಾರಿಗಳ ಪರಿಚಯ ನಾನು ಬರೆದೆ, ನನ್ನದನ್ನು ಅವರು ಬರೆದರು. ನಾನು ಬರೆದದ್ದು ಒಂದೇ ಸಾಲು: ಅಲ್ಲಾಡುವ ಮೇಜು, ಕುರ್ಚಿ, ಮಂಚಗಳನ್ನು ನಿಲ್ಲಿಸಿಕೊಡುತ್ತಾರೆ.

ನಾಲ್ಕು ತಿಂಗಳು ಒಂದು ಕರೆಯೂ ಬರಲಿಲ್ಲ. ಆಚಾರಿಗಳು ವಾರಕ್ಕೊಮ್ಮೆ ಬೀದಿ ದಾಟಿ ಬಂದು ಫೋನನ್ನು ಎರಡೂ ಕೈಯಲ್ಲಿ ಹಿಡಿದು ನಿಲ್ಲುತ್ತಿದ್ದರು.

“ಚೂಡಿ, ಈ ಫೋನು ಸರಿ ಇದೆಯೇನವ್ವ?”

ನಾನು ನನ್ನ ಫೋನಿನಿಂದ ಅವರಿಗೆ ಒಂದು ಕರೆ ಮಾಡುತ್ತಿದ್ದೆ. ಅವರ ಕೈಯಲ್ಲಿ ಅದು ಬಾರಿಸುತ್ತಿತ್ತು.

“ಸರಿ ಇದೆ ಹಂಗಾದ್ರೆ,” ಎಂದು ವಾಪಸು ಹೋಗುತ್ತಿದ್ದರು.

ಹೀಗೆ ಹದಿನೇಳನೇ ಸಲ ಬಂದು ಹೋದ ದಿನ ನನಗೆ ತಡೆಯಲಾಗಲಿಲ್ಲ. ಆ್ಯಪಿನಲ್ಲಿ ಬೇರೆ ಊರಿನ ಬಡಗಿಗಳ ಪರಿಚಯಗಳನ್ನು ಓದಿದೆ. ಆ ಊರುಗಳಲ್ಲಿ ಅಕ್ಷರ ಜಾರುವುದಿಲ್ಲವಲ್ಲ, ಒಬ್ಬೊಬ್ಬರೂ ತಮ್ಮನ್ನು ತಾವೇ ತೇರಿನ ಮೇಲೆ ಕೂರಿಸಿಕೊಂಡಿದ್ದರು. ದನಿ ತೆಗೆಯುವವಳಿಗೆ ಬರಹದ ದನಿ ತೆಗೆಯುವುದು ಎಷ್ಟು ಹೊತ್ತು? ಹಳೆಯ ಸಾಲು ಅಳಿಸಿ ಬರೆದೆ: ‘ಮೂರು ತಲೆಮಾರುಗಳ ಅನುಭವವುಳ್ಳ ಹೆಸರಾಂತ ದಾರುಶಿಲ್ಪಿ. ಮೆಟ್ಟಿಲು, ಮಂಟಪ, ಉಯ್ಯಾಲೆಗಳಲ್ಲಿ ಪರಿಣತರು. ಬೀಟೆ, ತೇಗ, ಹೊನ್ನೆ ಇವರ ಕೈ ತಾಕಿದೊಡನೆ ಮಾತಾಡುತ್ತವೆ. ಏಳು ಭಾಷೆಗಳಲ್ಲಿ ನಿರರ್ಗಳ ಸಂಭಾಷಣೆ.’ ಒಂದು ಭಾಷೆಯಲ್ಲಿ ದಿನಕ್ಕೆ ಏಳು ಮಾತಾಡದ ಮನುಷ್ಯನ ಬಗ್ಗೆ ಇದು. ಆದರೆ ಬರೆದವಳು ನಾನು, ಅವರಲ್ಲವಲ್ಲ, ಒಂದಕ್ಷರವೂ ಕದಲಲಿಲ್ಲ.

ಮೂರನೇ ದಿನವೇ ಕರೆ ಬಂತು. ಆಚಾರಿಗಳು ಮಡಿಸಿಟ್ಟ ಬಿಳಿ ಅಂಗಿ ಹಾಕಿ, ಕೈಚೀಲದಲ್ಲಿ ಉಳಿ, ಚಕ್ಕೆ, ಲೋಟ ಇಟ್ಟುಕೊಂಡು ಹೊರಟರು. ತಮ್ಮ ಪರಿಚಯದಲ್ಲಿ ಏನಿದೆಯೆಂದು ಅವರಿಗೆ ಗೊತ್ತಿಲ್ಲ, ಕೇಳುವುದು ಮರ್ಯಾದೆಯಲ್ಲ. ಮಂಟಪ ಮಾಡಿಸಲು ಕರೆದವರ ಮನೆಯಲ್ಲಿ ಅಲ್ಲಾಡುತ್ತಿದ್ದ ಒಂದು ಮಣೆಯನ್ನು ಹುಡುಕಿ, ಸರಿಮಾಡಿ, ನಮಸ್ಕಾರ ಹೇಳಿ ಬಂದರು. ಇನ್ನೊಬ್ಬರು ಉಯ್ಯಾಲೆ ಕೇಳಿದ್ದರು. “ಉಯ್ಯಾಲೆ ಅಲ್ಲಾಡೋದು ಸಹಜ ತಾಯಿ, ಅದನ್ನ ನಿಲ್ಲಿಸಬಾರದು,” ಎಂದು ಬುದ್ಧಿ ಹೇಳಿ, ಅವರ ಊಟದ ಮೇಜು ನಿಲ್ಲಿಸಿ ಬಂದರು. ಎರಡು ದೂರು ದಾಖಲಾದವು. ಆಚಾರಿಗಳಿಗೆ ಅದೂ ಗೊತ್ತಿಲ್ಲ. ಜಗುಲಿಯಲ್ಲಿ ಕೂತು ಕಾಳಮ್ಮನವರಿಗೆ, “ಜನ ಮತ್ತೆ ಕರೀತಾವ್ರೆ ಕಣೆ,” ಅಂದದ್ದು ನನಗೆ ಈಚೆ ಕಡೆ ಕೇಳಿಸಿತು. ಆ ದನಿ ನಾನು ಹಿಂದೆ ಕೇಳಿರಲಿಲ್ಲ. ಅದಕ್ಕೇ ಪರಿಚಯ ತಿದ್ದಲಿಲ್ಲ.

ಮೂರನೆಯ ಕರೆ ಹೊಳೆಯಾಚೆಯ ಊರಿನ ತಾರಾಬಾಯಿಯವರದು. ಅವರು ಫೋನಿನಲ್ಲಿ ಒಂದೇ ಸಮ ಮಾತಾಡುವವರು. ಆಚಾರಿಗಳು ಅರ್ಧ ನಿಮಿಷ ಕೇಳಿ, ಬೆವರಿ, ಬೀದಿ ದಾಟಿ ಬಂದು ಫೋನನ್ನು ನನ್ನ ಕೈಗೆ ತುರುಕಿದರು. ನಾನು ಅವರನ್ನು ಆಚೆ ಕಳಿಸಿ, ಅವರದೇ ದನಿಯಲ್ಲಿ ಮಾತಾಡಿದೆ. “ಮೆಟ್ಟಿಲು ತಾನೆ ತಾಯಿ? ಆಗುತ್ತೆ. ತೇಗದ್ದು ಮಾಡೋಣ. ಸುರುಳಿ ಮೆಟ್ಟಿಲೇ ಚೆಂದ.” ಬಾಯಿಗೆ ಬಂದದ್ದೆಲ್ಲ. ಆಚಾರಿಗಳಿಗೆ, “ಹೋಗಿಬನ್ನಿ, ಏನೋ ಅಲ್ಲಾಡ್ತಿದೆಯಂತೆ,” ಎಂದೆ. ಅವರು ಹೋದರು. ತಾರಾಬಾಯಿ ಬರೆದ ದೂರು ಹೀಗಿತ್ತು: ‘ಮಹಡಿಗೆ ಮೆಟ್ಟಿಲು ಕಟ್ಟಲು ಕರೆಸಿದೆ. ಬಂದರು. ಅಡುಗೆಮನೆಯ ಸ್ಟೂಲು ರಿಪೇರಿ ಮಾಡಿ ಹೋದರು.’ ಪಕ್ಕದಲ್ಲಿ ಒಂದೇ ನಕ್ಷತ್ರ, ಅದೂ ರಾಹು ಹಿಡಿದ ಹಾಗೆ ಅರ್ಧ ಕಪ್ಪು.

ಮೂರು ದೂರಾದರೆ ಆ್ಯಪಿನವರು ಪರಿಶೀಲಕರನ್ನು ಕಳಿಸುತ್ತಾರೆ. ತಿಂಗಳೆರಡು ಕಳೆದ ಮೇಲೆ ಬಂದವರು ಬೆನೆಡಿಕ್ಟ್ ಲೋಬೊ. ಕರಾವಳಿಯವರು, ತೆಳ್ಳಗೆ, ಕುತ್ತಿಗೆಗೆ ಗುರುತಿನ ಚೀಟಿ. ಲಾಡ್ಜಿನ ರಿಜಿಸ್ಟರಿನಲ್ಲಿ ‘ಹಿರಿಯ ಪರಿಶೀಲಕ’ ಎಂದು ಬರೆದರಂತೆ. ‘ಹಿರಿಯ’ ಮೆಲ್ಲಗೆ ಜಾರಿ ಪುಟದಿಂದ ಉದುರಿತಂತೆ. ಮೂರು ಸಲ ಬರೆದರಂತೆ, ಮೂರು ಸಲ ಉದುರಿತಂತೆ. ಲಾಡ್ಜಿನವರು ಸಮಾಧಾನ ಮಾಡಿ, “ಎದುರು ರೂಮಿನವರು ಬಂದ್ಮೇಲೆ ಬರೆಸೋಣ ಬಿಡಿ ಸಾರ್,” ಅಂದರಂತೆ.

ಅವರ ಕೆಲಸದ ಕ್ರಮ ಸರಳ. ದೂರಿರುವವರ ಬೀದಿಯಲ್ಲಿ ಆ್ಯಪಿಗೆ ಸೇರಿದ ಎಲ್ಲರಿಗೂ ಅವರವರ ಪರಿಚಯ ತೋರಿಸಬೇಕು, ‘ಇದರಲ್ಲಿರುವುದೆಲ್ಲ ನಿಜ’ ಎಂದು ಸಹಿ ಪಡೆಯಬೇಕು. ಬೆಳಿಗ್ಗೆಯಿಂದ ಅವರು ನಮ್ಮ ಬೀದಿಯಲ್ಲಿ ಮೊಬೈಲು ಚಾಚಿಕೊಂಡು ಓಡಾಡಿದರು, ಜನ ಮುಖ ತಿರುಗಿಸಿಕೊಂಡು ಓಡಾಡಿದರು. ರವಿಕೆ ಹೊಲಿಯುವ ಗಿರಿಜಕ್ಕ ಸೆರಗಿನಿಂದ ಕಣ್ಣು ಮುಚ್ಚಿಕೊಂಡು, “ಥೂ, ಹೆಣ್ಮಕ್ಳಿಗೆ ಇದನ್ನೆಲ್ಲ ತೋರಿಸ್ತೀರೇನ್ರಿ?” ಎಂದರು.

“ಎಂತ ಊರು ಮಾರಾಯ್ರೆ ಇದು!” ಲೋಬೊ ನಮ್ಮ ಜಗುಲಿಗೆ ಬಂದು ಕುಸಿದು ಕೂತರು. “ನಾನು ಎಂತ ಕೆಟ್ಟ ಫೋಟೋ ತೋರಿಸಿದ್ದಾ? ಅವರದೇ ಪ್ರೊಫೈಲು! ನನಗೆ ಸಂಜೆ ಒಳಗೆ ರಿಪೋರ್ಟು ಕಳಿಸ್ಲಿಕ್ಕೆ ಉಂಟು.”

“ಓದೂದಿಲ್ಲ ಅಂದ್ರೆ ಓದೂದಿಲ್ಲ ಮಾರಾಯ್ರೆ,” ಎಂದೆ, ಅವರದೇ ದನಿಯಲ್ಲಿ. ಅವರು ಬೆಚ್ಚಿ ಹಿಂದೆ ತಿರುಗಿ ನೋಡಿದರು. ನಾನು ನಕ್ಕೆ. ಆ ನಗುವಿಗೆ ಆಯಸ್ಸು ಅಷ್ಟೇ ಇತ್ತು. ಲೋಬೊ ಎದ್ದು ನಿಂತು, “ಹಾಗಾದ್ರೆ ನಾನೇ ಗಟ್ಟಿಯಾಗಿ ಓದಿ ಹೇಳ್ತೇನೆ. ಕೇಳ್ಲಿಕ್ಕೆ ಅಡ್ಡಿ ಇಲ್ಲ ಅಲ್ಲಾ?” ಎಂದು ನೇರವಾಗಿ ಎದುರುಮನೆಯ ಮೆಟ್ಟಿಲು ಹತ್ತಿದರು.

ಕೇಳಬಾರದು ಎಂಬ ಮರ್ಯಾದೆ ನಮ್ಮೂರಲ್ಲಿ ಇರಲಿಲ್ಲ. ಯಾರೂ ಓದಿ ಹೇಳುವಷ್ಟು ಕೆಟ್ಟವರಾಗಿರಲಿಲ್ಲ, ಹಾಗಾಗಿ ಅದು ಬೇಕಾಗಿರಲಿಲ್ಲ.

ಆಚಾರಿಗಳು ಜಗುಲಿಯ ಮೇಲೆ ಮೊಣಕಾಲಿನ ಮೇಲೆ ಕೈಯಿಟ್ಟು ಕೂತಿದ್ದರು. ಕಾಳಮ್ಮ ಬಾಗಿಲಲ್ಲಿ ಸೊಪ್ಪು ಸೋಸುತ್ತಿದ್ದರು. ಲೋಬೊ ಸಂತೆಯಲ್ಲಿ ಡಂಗುರ ಹೊಡೆದ ಹಾಗೆ ಓದಿದರು. ಹೆಸರಾಂತ ದಾರುಶಿಲ್ಪಿ. ಮೆಟ್ಟಿಲು, ಮಂಟಪ. ಮರಗಳು ಮಾತಾಡುತ್ತವೆ. ಏಳು ಭಾಷೆ. ನಾನು ಈಚೆ ಕಡೆ ನನ್ನ ಮನೆಯ ಕಂಬ ಹಿಡಿದು ನಿಂತಿದ್ದೆ.

ಓದಿ ಮುಗಿಯಿತು. ಆಚಾರಿಗಳು ನಿಧಾನವಾಗಿ ತಲೆದೂಗಿದರು.

“ಬಾಳ ದೊಡ್ಡೋರು ಇರಬೇಕು. ನಮ್ಮೂರವ್ರಾ ಸ್ವಾಮಿ? ಯಾವ ಬೀದಿ?”

ಲೋಬೊ ಮೊಬೈಲು ಕೆಳಗಿಳಿಸಿದರು. ಆಮೇಲೆ ದನಿ ತಗ್ಗಿಸಿ, “ಇದು ನೀವೇ ಅಲ್ವಾ ಮಾರಾಯ್ರೆ,” ಎಂದರು.

ಕಾಳಮ್ಮನ ಕೈಯಲ್ಲಿದ್ದ ಸೊಪ್ಪು ಅಲ್ಲೇ ನಿಂತಿತು. ಆಚಾರಿಗಳು ಲೋಬೊ ಅವರನ್ನು ನೋಡಲಿಲ್ಲ. ತಲೆಯೆತ್ತಿ ಬೀದಿಯ ಈಚೆಗೆ, ನನ್ನನ್ನು ನೋಡಿದರು. ಬೈಗುಳವಿದ್ದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಕಳೆದುಹೋದವರು ದಾರಿ ಕೇಳುವಾಗ ನೋಡುತ್ತಾರಲ್ಲ, ಹಾಗೆ ನೋಡಿದರು.

ಲೋಬೊ ಒಳ್ಳೆಯ ಮನುಷ್ಯ, ಆದರೆ ನಿಯಮದ ಮನುಷ್ಯ. ಶನಿವಾರದೊಳಗೆ ಮೂರು ದೂರುಗಳಲ್ಲಿ ಒಂದನ್ನಾದರೂ ಕೊಟ್ಟವರು ವಾಪಸು ಪಡೆಯಬೇಕು, ನಿಜವಾದ ಪರಿಚಯವೊಂದನ್ನು ಹೊಸದಾಗಿ ಬರೆದು ಅದನ್ನು ಅವರ ಕಣ್ಣೆದುರು ರುಜುವಾತು ಮಾಡಬೇಕು. ಇಲ್ಲದಿದ್ದರೆ ಆಚಾರಿಗಳ ಹೆಸರು ಆ್ಯಪಿನಿಂದ ಶಾಶ್ವತವಾಗಿ ಹೋಗುತ್ತದೆ. “ನಿಮ್ಮ ಪ್ರೊಫೈಲು ಅವರು ಬರೆದದ್ದು ಒಂದೇ ಸಾಲು,” ಎಂದರು ನನಗೆ, ಹೊರಡುವಾಗ. “ಒಂದು ದೂರೂ ಇಲ್ಲ. ಗೊತ್ತುಂಟಾ?” ನಾನು ಆ ಸಾಲು ಏನೆಂದು ಕೇಳಲಿಲ್ಲ. ಕೇಳುವ ಮುಖ ಇರಲಿಲ್ಲ.

ಸಂಜೆ ಆಚಾರಿಗಳೇ ಬೀದಿ ದಾಟಿ ಬಂದರು. ಕೈಯಲ್ಲಿ ಫೋನಿರಲಿಲ್ಲ.

“ಇನ್ನೊಂದು ಸಲ ಬರೆಯೋದೇನೂ ಬೇಡ ಚೂಡಿ. ಹೋಗ್ಲಿ ಬಿಡು.”

“ತಪ್ಪಾಯ್ತು. ಯಾರೂ ಕರೀಲಿಲ್ಲ ಅಂತ...”

“ನೀ ಬರ್ದಿದ್ಯಲ್ಲ ಆ ಮನುಷ್ಯ, ಅವನ್ನಾದ್ರೆ ನಾನೂ ಕರೀತಿದ್ದೆ,” ಎಂದರು. “ಕರೀಬೇಕಾದ್ದೇ. ನಾನು ಬರೀ ಚಕ್ಕೆ ಇಡೋನು.” ಖಾಲಿ ಅಂಗೈ ನೋಡಿಕೊಂಡರು. “ನಾಲ್ಕು ತಿಂಗಳು ಫೋನು ಕೆಟ್ಟಿತ್ತು ಅಂದ್ಕೊಂಡಿದ್ದೆ. ಕೆಟ್ಟಿರಲಿಲ್ಲ, ಅಲ್ವಾ?”

ಅವರ ಹಿಂದೆಯೇ ಕಾಳಮ್ಮ ಬಂದರು, ಗಂಡನಿಗೆ ಕೇಳಿಸುವ ಹಾಗೆ ನನಗೆ ಬೈಯುವುದಕ್ಕೆ. “ಹೊಗಳೋದಕ್ಕೂ ಒಂದು ಅಳತೆ ಬೇಡ್ವೇನೆ? ಏಳು ಭಾಷೆಯಂತೆ! ನಲವತ್ತು ವರ್ಷ ಆಯ್ತು, ಸಾರಿಗೆ ಉಪ್ಪು ಸಾಕೋ ಬೇಕೋ ಅನ್ನೋದು ಕನ್ನಡದಲ್ಲೇ ಬಂದಿಲ್ಲ ಈ ಬಾಯಿಂದ.” ಆಮೇಲೆ ಮೆಲ್ಲಗೆ, “ಬರಿ. ನಿಜವಾಗ್ಲೂ ಏನು ಮಾಡವ್ರೆ ಅನ್ನೋದನ್ನ ಬರಿ. ಊರೆಲ್ಲ ಅವರ ಕೈ ಕೆಲಸವೇ,” ಎಂದರು.

ಮಾರನೆಯ ದಿನ ಊರೆಲ್ಲ ಸುತ್ತಿದೆ. ಸಾಕ್ಷಿ ಬೇಕಿತ್ತು. ಸರ್ಕಲ್ಲಿನ ಹೋಟೆಲಿನವರು ತಲೆ ಕೆರೆದುಕೊಂಡರು. “ಆಚಾರಿಗಳು? ನಮ್ಮ ಹೋಟ್ಲಿಗೆ ಯಾಕೆ ಬರ್ತಾರಮ್ಮ, ನಮ್ಮ ಟೇಬಲ್ಲು ಒಂದೂ ಅಲ್ಲಾಡಲ್ವಲ್ಲ.” ಹದಿನಾಲ್ಕು ಟೇಬಲ್ಲುಗಳನ್ನೂ ಒಂದೊಂದಾಗಿ ನಿಲ್ಲಿಸಿದ್ದು ಆಚಾರಿಗಳೆಂದು ಕಾಳಮ್ಮ ಬೆರಳೆಣಿಸಿ ಹೇಳಿದ್ದರು. ಗ್ರಂಥಾಲಯದ ಏಣಿ, ಪೋಸ್ಟಾಫೀಸಿನ ಬೆಂಚು, ಹೆರಿಗೆ ಆಸ್ಪತ್ರೆಯ ತೊಟ್ಟಿಲು, ಎಲ್ಲ ಕಡೆ ಇದೇ. “ಇದೇನೂ ಕೆಟ್ಟೇ ಇಲ್ಲ,” ಅನ್ನುತ್ತಿದ್ದರು. ಅವರು ಸುಳ್ಳು ಹೇಳುತ್ತಿರಲಿಲ್ಲ. ಅಲ್ಲಾಡುವ ಕುರ್ಚಿ ದಿನಕ್ಕೆ ನಾಲ್ಕು ಸಲ ನೆನಪಾಗುತ್ತದೆ, ನಿಂತ ಕುರ್ಚಿಯ ಮೇಲೆ ಕೂತವರು ಬೇರೇನನ್ನೋ ಯೋಚಿಸುತ್ತಾರೆ. ಆಚಾರಿಗಳು ಕೆಲಸ ಚೆನ್ನಾಗಿ ಮಾಡಿದಷ್ಟೂ ಅವರು ಬಂದಿದ್ದರೆಂಬುದೇ ಅಳಿಸಿಹೋಗುತ್ತಿತ್ತು. ಎಂ.ಎ. ಓದಿದವಳು ನಾನು, ಎದುರುಮನೆಯಲ್ಲಿ ಇಪ್ಪತ್ತೇಳು ವರ್ಷ ಇದ್ದು ಇಷ್ಟು ತಿಳಿದಿರಲಿಲ್ಲ.

ಶುಕ್ರವಾರ ನಾವು ಮೂವರು ಹೊಳೆಯಾಚೆಗೆ ಬಸ್ಸು ಹತ್ತಿದೆವು: ಕಾಳಮ್ಮ ಬೈದು ಹೊರಡಿಸಿದ ಆಚಾರಿಗಳು, ಫೈಲು ಹಿಡಿದ ಲೋಬೊ, ನಾನು. ದೂರು ವಾಪಸು ಪಡೆಯುವಷ್ಟು ಮನಸ್ಸು ಇರಬಹುದಾದವರು ತಾರಾಬಾಯಿ ಒಬ್ಬರೇ ಎಂದು ನನಗೆ ಅನ್ನಿಸಿತ್ತು, ಯಾಕೆಂದರೆ ಉಳಿದಿಬ್ಬರು ದೂರಿನಲ್ಲಿ ಬರೀ ಬೈದಿದ್ದರು, ಇವರು ಬೇಜಾರು ಮಾಡಿಕೊಂಡಿದ್ದರು.

ತಾರಾಬಾಯಿ ಬಾಗಿಲು ತೆಗೆದು ಸೊಂಟದ ಮೇಲೆ ಕೈಯಿಟ್ಟರು. “ಬಂದ್ರೇನ್ರಿ ದಾರುಶಿಲ್ಪಿಗಳು? ಫೋನಿನ್ಯಾಗ ತೇಗ ಅಂದ್ರಿ, ಸುರುಳಿ ಅಂದ್ರಿ, ಅರ್ಧ ತಾಸು ನನ್ನ ಕಿವಿ ತುಂಬಿದ್ರಿ. ಮನೀಗೆ ಬಂದು ಒಂದು ಮಾತಿಲ್ಲ, ಸ್ಟೂಲು ಹಿಡಕೊಂಡು ಕುಂತ್ರಿ! ಈಗ ಮತ್ತ ಯಾಕ ಬಾಯಿ ಇಲ್ಲ?”

ಆಚಾರಿಗಳು ಗೊಂದಲದಿಂದ ನನ್ನನ್ನು ನೋಡಿದರು. ಲೋಬೊ ಪೆನ್ನು ತೆಗೆದರು. ಹೇಳಲೇಬೇಕಿತ್ತು. ಹೇಳುವುದಕ್ಕಿಂತ ತೋರಿಸುವುದೇ ಸುಲಭವಾಗಿತ್ತು.

“ಮೆಟ್ಟಿಲು ತಾನೆ ತಾಯಿ? ಆಗುತ್ತೆ,” ಎಂದೆ, ಆಚಾರಿಗಳ ದನಿಯಲ್ಲಿ, ಆಚಾರಿಗಳ ಪಕ್ಕದಲ್ಲೇ ನಿಂತು.

ಜೀವಮಾನದಲ್ಲಿ ನಾನು ಎಷ್ಟೋ ದನಿ ತೆಗೆದಿದ್ದೇನೆ, ಪ್ರತಿಯೊಂದಕ್ಕೂ ಯಾರಾದರೂ ನಕ್ಕಿದ್ದಾರೆ. ಇದಕ್ಕೆ ಯಾರೂ ನಗಲಿಲ್ಲ. “ಫೋನಲ್ಲಿ ಮಾತಾಡಿದ್ದು ನಾನು,” ಎಂದೆ, ನನ್ನ ದನಿಯಲ್ಲಿ. ಅದು ತೀರಾ ತೆಳುವಾಗಿತ್ತು. “ಪರಿಚಯ ಬರೆದದ್ದೂ ನಾನೇ. ಇವರಿಗೆ ಮೆಟ್ಟಿಲು ಮಾಡೋಕೆ ಬರಲ್ಲ. ಬರುತ್ತೆ ಅಂತ ಇವರು ಯಾವತ್ತೂ ಹೇಳಿಲ್ಲ.”

ಆಚಾರಿಗಳು ನನ್ನ ಕಡೆ ತಿರುಗಿ, “ನಾನು ಹಿಂಗಾ ಮಾತಾಡೋದು?” ಎಂದರು.

“ಇಲ್ಲ. ನೀವು ಮಾತಾಡೋದೇ ಇಲ್ಲ.”

“ಹೂಂ,” ಎಂದರು. ಅವರ ತುಟಿಯ ಒಂದು ತುದಿ ಸ್ವಲ್ಪ ಮೇಲೆ ಹೋಯಿತು, ಅಥವಾ ನನಗೆ ಹಾಗೆ ಕಾಣಬೇಕಾಗಿತ್ತು.

ತಾರಾಬಾಯಿ ಸೊಂಟದ ಮೇಲಿನ ಕೈ ತೆಗೆದರು. “ಒಳಗ ಬರ್ರಿ,” ಎಂದರು. “ನಿಮಗಿಂತ ದೊಡ್ಡ ಸುಳ್ಳು ನಮ್ಮನಿಯಾಗ ಐತಿ, ನೋಡ್ರಿ.”

ನಡುಮನೆಯಲ್ಲಿ ತೇಗದ ಸುರುಳಿ ಮೆಟ್ಟಿಲು ನಿಂತಿತ್ತು, ಕ್ಯಾಲೆಂಡರಿನ ಚಿತ್ರದ ಹಾಗೆ. ಆಚಾರಿಗಳು ಹೋದ ಮೇಲೆ ಆ್ಯಪಿನಲ್ಲೇ ಇನ್ನೊಬ್ಬರನ್ನು ಹುಡುಕಿ ಮಾಡಿಸಿದ್ದು. ಅವರು ತಮ್ಮ ಪರಿಚಯವನ್ನು ತಾವೇ ಬರೆದುಕೊಂಡಿದ್ದರು. ಆ ಊರುಗಳಲ್ಲಿ ಅಕ್ಷರ ನಿಲ್ಲುತ್ತವೆ. ಮೆಟ್ಟಿಲು ನಿಲ್ಲುವುದಿಲ್ಲ. ಐದನೇ ಮೆಟ್ಟಿಲಿಗೆ ಕಾಲಿಟ್ಟರೆ ಇಡೀ ಸುರುಳಿ ಜ್ವರ ಬಂದ ಹಾಗೆ ನಡುಗುತ್ತಿತ್ತು. ಅದರ ಬುಡದಲ್ಲಿ ಕುರ್ಚಿ ಹಾಕಿಕೊಂಡು ತಾರಾಬಾಯಿಯ ಅವ್ವ ಕೂತಿದ್ದರು. ಎಂಬತ್ತೆರಡು ವರ್ಷ. ಮೇಲಿನ ಬಾಲ್ಕನಿಗೂ ಪಕ್ಕದ ಮನೆಯ ಶೇವಂತವ್ವನ ಬಾಲ್ಕನಿಗೂ ಒಂದು ಮೊಳದ ಅಂತರ. ರಸ್ತೆ ಅಗಲ ಮಾಡಲು ಹಳೆಯ ಕಲ್ಲಿನ ಮೆಟ್ಟಿಲು ಒಡೆದ ಮೇಲೆ ಅವ್ವ ಮೇಲೆ ಹೋಗಿಲ್ಲ, ಗೆಳತಿಯನ್ನು ನೋಡಿಲ್ಲ. ಇಬ್ಬರಿಗೂ ಫೋನು ಕೇಳಿಸದು, ಇಬ್ಬರಿಗೂ ಬೀದಿಗಿಳಿಯಲಾಗದು.

“ಏಳು ತಿಂಗಳಾತು,” ಎಂದರು ಅವ್ವ, ಯಾರನ್ನೂ ನೋಡದೆ. “ಆಕಿ ಸತ್ತಾಳೋ ಇದ್ದಾಳೋ.”

“ಇದ್ದಾಳ ಬೇ, ದಿನಾ ಹೇಳ್ತೀನಲ್ಲ!”

“ನೀ ಹೇಳಿದ್ರ ಆತೇನು? ಆಕಿ ಹೇಳಬೇಕು.”

ಆಚಾರಿಗಳು ಆಗಲೇ ಚಪ್ಪಲಿ ಬಿಟ್ಟು ಲೋಟ ಹೊರತೆಗೆದಿದ್ದರು. “ನೀರು,” ಎಂದರು.

ಹದಿನೇಳು ಮೆಟ್ಟಿಲು. ಒಂದೊಂದರ ಮೇಲೂ ಲೋಟವಿಟ್ಟು, ಹೊಟ್ಟೆ ಅಡಿಯಾಗಿ ಮಲಗಿ, ನೀರು ನೋಡಿದರು. ಲೋಬೊ ಮೊದಲ ಗಂಟೆ ಕೈಗಡಿಯಾರ ನೋಡಿದರು. ಎರಡನೇ ಗಂಟೆಗೆ ಅವರೂ ಶರ್ಟಿನ ತೋಳು ಮಡಚಿ, ಎದುರು ಕಡೆಯಿಂದ ಮಲಗಿ, “ಇತ್ಲಾಗೆ ನಡುಗ್ತಾ ಉಂಟು,” ಎಂದು ಪಿಸುಗುಟ್ಟತೊಡಗಿದರು. “ಉಸಿರು,” ಎಂದರು ಆಚಾರಿಗಳು. ಲೋಬೊ ಉಸಿರು ಹಿಡಿದರು. ಕೊನೆಗೆ ಆಚಾರಿಗಳು ಐದನೇ ಮೆಟ್ಟಿಲನ್ನು ಬಿಟ್ಟು ಕೆಳಗಿಳಿದು, ನಡುಗಂಬದ ಬುಡದ ಹಾಸುಗಲ್ಲಿಗೆ ಕಿವಿಯಿಟ್ಟರು. ಗೆಣ್ಣಿನಿಂದ ತಟ್ಟಿದರು. ಕಲ್ಲಿನ ಅಡಿ ಟೊಳ್ಳಾಗಿತ್ತು. ಅಲ್ಲಿ ಮಣ್ಣು ಬಡಿದು, ಕಂಬದ ಅಡಿಗೆ ಮೂರು ಚಕ್ಕೆ ಇಟ್ಟು, ಒಂದನ್ನು ತೆಗೆದು ಕೆರೆದು ಮತ್ತೆ ಇಟ್ಟರು. ಮೇಲಿನ ಒಂದು ಬೆಣೆಯನ್ನು ಎರಡು ಸಲ ಉಜ್ಜಿದರು. ಆಮೇಲೆ ಲೋಬೊ ಅವರನ್ನು ಐದನೇ ಮೆಟ್ಟಿಲ ಮೇಲೆ ಕುಣಿಯಲು ಹೇಳಿದರು. ಹಿರಿಯ ಪರಿಶೀಲಕರು ಕುಣಿದರು. ಮೇಲಿನ ಮೆಟ್ಟಿಲಿನಲ್ಲಿದ್ದ ನೀರು ಕನ್ನಡಿಯ ಹಾಗೆ ಕೂತಿತ್ತು.

“ಕೈ ಹಿಡಿಯೋ ಕಂಬಿ ಚೂರು ಗಿಡ್ಡ ಆಯ್ತು,” ಎಂದರು ಆಚಾರಿಗಳು ತಾರಾಬಾಯಿಗೆ. “ಅದು ನನ್ನಿಂದ ಆಗಲ್ಲ. ಮಾಡೋ ಬಡಗಿಗಳಿಗೆ ಹೇಳಿ.”

ಅವ್ವ ಎದ್ದರು. ಮೊದಲ ಮೆಟ್ಟಿಲಿಗೆ ಬೆರಳು ಊರಿದರು, ಆಮೇಲೆ ಅಂಗಾಲು. ನಾಲ್ಕನೆಯದರ ಮೇಲೆ ನಿಂತು ಕಣ್ಣು ಮುಚ್ಚಿದರು. ಐದನೆಯದಕ್ಕೆ ಕಾಲಿಟ್ಟರು. ಏನೂ ಆಗಲಿಲ್ಲ. ಆರನೆಯದಕ್ಕೆ ಕಣ್ಣು ತೆರೆದರು. ಹತ್ತರ ಹೊತ್ತಿಗೆ ಕಾಲಿನ ಕಡೆ ನೋಡುವುದನ್ನೇ ಬಿಟ್ಟು ಮೇಲೆ ಬೆಳಕಿನ ಕಡೆ ನೋಡುತ್ತಾ, ಸೆರಗು ಸರಿಮಾಡಿಕೊಳ್ಳುತ್ತಾ ಹತ್ತಿಹೋದರು.

ತಾರಾಬಾಯಿ ಮೂಗು ಒರೆಸಿಕೊಂಡು ಲೋಬೊ ಅವರ ಮೊಬೈಲಿನಲ್ಲಿ ದೂರು ವಾಪಸು ಪಡೆದರು. ನಾನು ಮೆಟ್ಟಿಲ ಬುಡದಲ್ಲಿ ಕೂತು ಹೊಸ ಪರಿಚಯ ಬರೆದೆ. ಯಾರ ದನಿಯೂ ತೆಗೆಯಲಿಲ್ಲ. ‘ಇವರಿಗೆ ಹೊಸದು ಮಾಡಲು ಬರುವುದಿಲ್ಲ, ಕೇಳಬೇಡಿ. ಇದ್ದದ್ದು ನಡುಗುತ್ತಿದ್ದರೆ ಕರೆಯಿರಿ. ಹೆಚ್ಚು ಮಾತಾಡುವುದಿಲ್ಲ, ಒಂದು ಲೋಟ ನೀರು ಕೇಳುತ್ತಾರೆ. ಇವರು ಬಂದು ಹೋದದ್ದು ನಿಮಗೆ ಆಮೇಲೆ ನೆನಪಿರುವುದಿಲ್ಲ.’ ಲೋಬೊ ಎರಡು ಸಲ ಓದಿದರು. ಕನ್ನಡಕ ತೆಗೆದು ಒರೆಸಿದರು. “ಇದು ಆಚಾರಿಗಳಿಗೆ ಒಮ್ಮೆ ಓದಿ ಹೇಳ್ಲಿಕ್ಕೆ ಉಂಟು. ನಿಯಮ.”

“ಬೇಡ ಸ್ವಾಮಿ,” ಎಂದು ಆಚಾರಿಗಳು ಚೀಲಕ್ಕೆ ಉಳಿ ಹಾಕುತ್ತಾ ಹಿಂದೆ ಸರಿದರು. “ಸುಳ್ಳು ಓದಿದ್ರಿ, ತಡ್ಕೊಂಡೆ. ಅವಳು ಈ ಸಲ ನಿಜ ಬರ್ದಿರ್ತಾಳೆ. ಅದನ್ನ ತಡ್ಕೊಳ್ಳೋ ವಯಸ್ಸಲ್ಲ ನಂದು.” ನನ್ನ ತಲೆಯ ಮೇಲೆ ಒಂದು ಸಲ ಕೈಯಿಟ್ಟು ತೆಗೆದರು, ಮೇಜು ನಿಂತಿದೆಯೇ ಎಂದು ನೋಡುವವರ ಹಾಗೆ. ಲೋಬೊ ನಿಯಮದ ಪುಸ್ತಕ ಮುಚ್ಚಿದರು.

ಅಷ್ಟರಲ್ಲಿ ಮೇಲಿನಿಂದ ಅವ್ವನ ಕೂಗು ಕೇಳಿಸಿತು. “ಏ ಶೇವಂತೀ! ಇದ್ದೀ ಏನ?”

“ಇದ್ದೀನಿ! ನೀ ಸತ್ತೀ ಅಂತ ಮಾಡಿದ್ದೆ!”

“ನಿನ್ನ ಬಿಟ್ಟು ಹ್ಯಾಂಗ ಸಾಯ್ಲಿ!” ಆಮೇಲೆ ಸ್ವಲ್ಪ ಹೊತ್ತು ಬರೀ ಮೂಗಿನ ಸದ್ದು. ಕೊನೆಗೆ ಶೇವಂತವ್ವನ ದನಿ ಮತ್ತೆ ಏರಿತು. “ಅಲ್ಲೇ, ನಮ್ಮನಿ ಮಂಚ ಕುದುರಿ ಕುಣಿದಂಗ ಕುಣೀತೈತಿ, ರಾತ್ರಿಯೆಲ್ಲ ಕಣ್ಣಿಗೆ ಕಣ್ಣು ಹತ್ತಂಗಿಲ್ಲ. ಮುಂಜಾನಿಂದ ಕಿಟಕ್ಯಾಗ ನೋಡಾಕತ್ತೀನಿ, ನಿಮ್ಮನಿಗೆ ಯಾವನೋ ಲೋಟ ಹಿಡಕೊಂಡು ಬಂದಾನಲ್ಲ, ಅವನ್ನ ಇತ್ತಾಗ ಕಳಿಸು!”

“ಯಾರು?” ಎಂದರು ಅವ್ವ. “ನಮ್ಮನಿಗೆ ಯಾರೂ ಬಂದಿಲ್ಲಲ್ಲ!”

ತಾರಾಬಾಯಿ ಹಣೆ ಚಚ್ಚಿಕೊಂಡು ಮೇಲೆ ಓಡಿದರು. ನಾನು ಆಚಾರಿಗಳಿಗೆ ಹೇಳೋಣವೆಂದು ತಿರುಗಿದೆ. ಅವರು ಅಲ್ಲಿರಲಿಲ್ಲ. ಬಾಗಿಲಿನಿಂದ ಇಣುಕಿದರೆ, ಲೋಟದಲ್ಲಿ ಉಳಿದ ನೀರನ್ನು ಬೀದಿಗೆ ಚೆಲ್ಲಿ, ಪಕ್ಕದ ಮನೆಯ ಹೊಸ್ತಿಲ ಮುಂದೆ ಚಪ್ಪಲಿ ಬಿಡುತ್ತಿದ್ದರು.